ಎಡೆದೊರೆಯ ಒಲೆಗಳು

ಕೃಷ್ಣೆ ತುಂಗಭದ್ರೆಯರ ನಡುವಣ ಎಡೆದೊರೆ ನಾಡು ಕಾಳಗದ ಕಣವೆಂದು ಹೆಸರಾದುದು. ೧೨೯೪ರಲ್ಲಿ ಎದ್ದ ರಾಯಚೂರಿನ ಕೋಟೆಗೋಡೆಯ ಕಲ್ಲುಗಳನ್ನು ಕಂಡವರು ಆ ಮಾತನ್ನು ಒಪ್ಪಿಯಾರು. ಆದರೆ ಮುಂಜಾನೆ ಪೇಟೆಯ ಬೀದಿಗಿಳಿದ ಪ್ರವಾಸಿಗನನ್ನು ಮೊದಲು ಎದುರುಗೊಳ್ಳುವುದು ಇತಿಹಾಸವಲ್ಲ. ಮಂಡಾಳಿನ ಒಗ್ಗರಣೆಯ ಘಮಲು, ಮಿರ್ಚಿ ಕರಿಯುವ ಬಾಣಲೆಯ ಸದ್ದು. ಬಿಸಿಲಿಗೆ ಹೆಸರಾದ ಈ ಸೀಮೆಯಲ್ಲಿ ಬೆಂಕಿಯ ವಿದ್ಯೆಗೂ ಕೊರತೆಯಿಲ್ಲ.

ಕೃಷ್ಣೆಯ ದಡದ ಶಕ್ತಿನಗರದಲ್ಲಿ ಆ ವಿದ್ಯೆಯ ದೊಡ್ಡ ಪಾಠಶಾಲೆಯೇ ಇದೆ. ೧೯೮೫ರಲ್ಲಿ ಮೊದಲ ಘಟಕವನ್ನು ಕಂಡ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲನ್ನು ಹಿಟ್ಟಿನಂತೆ ಬೀಸಿ ಗಾಳಿಯೊಡನೆ ಕುಲುಮೆಗೆ ಊದುತ್ತಾರೆ. ಉರುವಲು ಸಣ್ಣದಿರಬೇಕು, ಒಣಗಿರಬೇಕು, ಅದಕ್ಕೆ ಸಾಕಷ್ಟು ಗಾಳಿ ದೊರೆಯಬೇಕು: ಆ ಮಹಾಯಂತ್ರದ ಮೂಲಸೂತ್ರ ಇಷ್ಟೇ. ಅದು ಹಿತ್ತಿಲ ಒಲೆಯವರೆಗೆ ಇನ್ನೂ ನಡೆದು ಬಂದಿಲ್ಲ.

ಜಗನ್ನಾಥದಾಸರ ಮಾನ್ವಿಯ ಸುತ್ತ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು. ಭತ್ತದ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಹೊಟ್ಟು. ಅಕ್ಕಿ ಗಿರಣಿಯ ಬಾಯ್ಲರಿಗೆ ಅದೇ ಉರುವಲು. ಹೊಟ್ಟು ಚೆನ್ನಾಗಿ ಉರಿಯಿತೇ ಎಂಬುದನ್ನು ಬೂದಿಯೇ ಹೇಳುತ್ತದೆ: ಕಪ್ಪಾಗಿದ್ದರೆ ಇಂಗಾಲ ಉರಿಯದೆ ಉಳಿದಿದೆ, ಬೂದುಬಿಳುಪಾಗಿದ್ದರೆ ಗಾಳಿ ಸರಿಯಾಗಿ ಆಡಿದೆ.

ನೀರನ್ನು ಆವಿಯಾಗಿಸುವ ಕಷ್ಟ ಎಲ್ಲಿಯೂ ಒಂದೇ. ಮಂಡ್ಯದ ಆಲೆಮನೆಯಲ್ಲಿ ಕಬ್ಬಿನ ಹಾಲು ಬೆಲ್ಲವಾಗಬೇಕಾದರೂ ನೀರು ಹೋಗಲೇಬೇಕು. ಕೆನಡಾದವರು ಮೇಪಲ್ ಮರದ ಸುಮಾರು ೪೦ ಲೀಟರ್ ರಸವನ್ನು ಕುದಿಸಿದರೆ ದೊರೆಯುವ ಪಾಕ ಒಂದೇ ಲೀಟರ್. ಕುದಿಯುವ ಒಂದು ಕಿಲೋ ನೀರು ಆವಿಯಾಗಲು ೫೪೦ ಕಿಲೋ ಕ್ಯಾಲೊರಿ ಶಾಖ ಬೇಕು. ಒಂದು ಕಿಲೋ ಒಣ ಕಟ್ಟಿಗೆಯಲ್ಲಿ ಸುಮಾರು ೪,೦೦೦ ಇರುತ್ತದೆ. ಲೆಕ್ಕದಲ್ಲಿ ಏಳು ಕಿಲೋ ನೀರು ಹೋಗಬೇಕು. ಆದರೆ ಮೂರು ಕಲ್ಲಿನ ಒಲೆಯಲ್ಲಿ ಪಾತ್ರೆಗೆ ತಲಪುವುದು ಸುಮಾರು ಹತ್ತರಲ್ಲೊಂದು ಪಾಲು. ಒಂದು ಕಿಲೋ ನೀರೂ ಪೂರ್ತಿ ಆರದು! ಹಸಿ ಕಟ್ಟಿಗೆಯಾದರಂತೂ ಬೆಂಕಿ ಮೊದಲು ಅದರೊಳಗಿನ ನೀರನ್ನೇ ಕಾಯಿಸುತ್ತ ಕೂರಬೇಕು.

ದೇವದುರ್ಗದ ಹಾದಿಯಲ್ಲಿ ಹತ್ತಿ, ತೊಗರಿಯ ಹೊಲಗಳು. ಕಟಾವಿನ ಬಳಿಕ ಉಳಿಯುವ ಕಟ್ಟಿಗೆ ತೆಳುವಾದುದು, ಬಿಸಿಲಿಗೆ ಗರಿಗರಿಯಾಗಿ ಒಣಗುವಂಥದು, ಉರುವಲಿನಲ್ಲಿ ದೋಷವಿಲ್ಲ. ೨೦೧೬ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಸಿಲಿಂಡರ್ ಅನೇಕ ಬಡ ಮನೆಗಳ ಹೊಸ್ತಿಲು ದಾಟಿತು. ಆದರೂ ಜೋಳದ ರೊಟ್ಟಿಯ ಹಂಚು, ಸ್ನಾನದ ನೀರಿನ ಹಂಡೆ ಕಟ್ಟಿಗೆಯ ಒಲೆಯನ್ನು ಸುಲಭವಾಗಿ ಬಿಟ್ಟಿಲ್ಲ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರವು ಇಂಥ ಮನೆಗಳಿಗಾಗಿಯೇ ‘ಅಸ್ತ್ರ ಒಲೆ’ಯನ್ನು ರೂಪಿಸಿತು. ಕಟ್ಟಿಗೆಯ ಅಡಿಯಿಂದ ಗಾಳಿ ಬರಲು ಜಾಲರಿ, ಬಿಸಿ ಗಾಳಿ ಸರಣಿಯಾಗಿ ಸವರಿ ಹೋಗುವಂತೆ ಮೂರು ಪಾತ್ರೆಗಳು, ಕೊನೆಗೆ ಹೊಗೆಗೊಳವೆ. ಪಾತ್ರೆಗೂ ಗೋಡೆಗೂ ನಡುವಣ ಕಿಂಡಿಯನ್ನು ಕಿರಿದಾಗಿಸಿದ್ದೇ ಅದರ ಜಾಣತನ. ಉರಿ ಪಾತ್ರೆಯನ್ನು ತಬ್ಬಿಯೇ ಮುಂದೆ ಸಾಗಬೇಕು.

ಹಂಡೆಯ ಒಲೆಗೂ ಇದರ ಅರ್ಧ ಸಾಕು: ಅಡಿಗೊಂದು ಜಾಲರಿ, ಸುತ್ತಲೂ ಮಣ್ಣಿನ ಕಟ್ಟೆ, ಹಂಡೆಯ ಬಾಯಿಗೊಂದು ಮುಚ್ಚಳ, ಬಣವೆಯ ಮೇಲೊಂದು ತಗಡು. ಇವು ಯಾವುವೂ ದುಬಾರಿಯಲ್ಲ. ಆದರೂ ತೊಗರಿ ಕಟ್ಟಿಗೆಯ ಬಣವೆ ಬಯಲಲ್ಲೇ ನಿಂತಿರುತ್ತದೆ. ಮೊದಲ ಮಳೆಯ ಮರುದಿನ ಒಲೆಯ ಮುಂದೆ ಕುಳಿತ ಅಜ್ಜಿ ಊದುಗೊಳವೆಯನ್ನು ಬದಿಗಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು, ಮತ್ತೆ ಊದುತ್ತಾಳೆ.