ಐದು ವಾಟಿನ ಆಂಪು, ನಾಲ್ಕು ಜನ ನಾವು

ನಮ್ಮ ಮ್ಯೂಸಿಕ್ ರೂಮಿನ ಮೂಲೆಯಲ್ಲಿರೋದನ್ನ ನೋಡಿ ಎಲ್ಲರೂ ಹಳೇ ರೇಡಿಯೋ ಅಂದ್ಕೊಳ್ತಾರೆ. ಅದು 1970ರ ದಶಕದ ಫೆಂಡರ್ ಚಾಂಪ್, ಅಂದರೆ ಗಿಟಾರ್ ಆಂಪ್ಲಿಫೈಯರ್. 8 ಇಂಚಿನ ಒಂದು ಸ್ಪೀಕರ್, ಮೂರು ವಾಲ್ವ್, ಹೆಚ್ಚೆಂದರೆ 5-6 ವಾಟ್. 12ಎಎಕ್ಸ್7 ವಾಲ್ವ್ ಗಿಟಾರ್ ಸಿಗ್ನಲ್ಲನ್ನು ಎರಡು ಹಂತದಲ್ಲಿ ದೊಡ್ಡದು ಮಾಡುತ್ತದೆ, 6ವಿ6 ಸ್ಪೀಕರನ್ನು ನಡೆಸುತ್ತದೆ, 5ವೈ3 ಎಸಿಯನ್ನು ಡಿಸಿ ಮಾಡುತ್ತದೆ. ಅಷ್ಟೇ. ಅನಲಾಗ್ ಸರ್ಕ್ಯೂಟ್ಸ್ ಪೇಪರ್ ಪಾಸಾದವರಿಗೆ ಇದರ ನಕ್ಷೆ ಒಂದೇ ಸಂಜೆಯಲ್ಲಿ ಅರ್ಥವಾಗುತ್ತದೆ.

ಆಂಪು ನಮ್ಮದಲ್ಲ. ನಮ್ಮಲ್ಲೊಬ್ಬಳ ದೊಡ್ಡಪ್ಪ ಅಮೆರಿಕದಲ್ಲಿ ಓದುವಾಗ ಸೆಕೆಂಡ್ ಹ್ಯಾಂಡ್ ಕೊಂಡಿದ್ದು, ವಾಪಸ್ ಬರುವಾಗ ಬಟ್ಟೆ ಬಿಟ್ಟು ಇದನ್ನು ತಂದಿದ್ದು. ವರ್ಷಗಳಿಂದ ಅಟ್ಟದ ಮೇಲಿತ್ತು. ಕೊಡುವಾಗ ಅವರು ಹೇಳಿದ್ದು ಇಷ್ಟೇ: "ಚೆನ್ನಾಗಿ ಕೇಳೋ ಹಾಗೆ ಮಾಡ್ಕೊಳ್ಳಿ ಪುಟ್ಟಿ. ಆದ್ರೆ ನಾಳೆ ನಾನು ಬೇಡ ಅಂದ್ರೆ ಮೊದಲಿನ ಹಾಗೆ ಆಗ್ಬೇಕು." ಈ ಒಂದು ಮಾತು ನಮ್ಮ ಇಡೀ ಪ್ರಾಜೆಕ್ಟಿನ ಸ್ಪೆಸಿಫಿಕೇಶನ್ ಆಯಿತು. ತೂತು ಕೊರೆಯುವಂತಿಲ್ಲ, ಬೋರ್ಡ್ ಕತ್ತರಿಸುವಂತಿಲ್ಲ.

ಸೌಂಡಿಗಿಂತ ಮೊದಲು ಜೀವ. ಯಾರೋ ಯಾವಾಗಲೋ ಪ್ಲಗ್ಗಿನ ಅರ್ಥ್ ಪಿನ್ ಕತ್ತರಿಸಿ ಹಾಕಿದ್ದರು. ಗಿಟಾರಿನ ತಂತಿ, ಬ್ರಿಡ್ಜ್ ಎಲ್ಲ ಆಂಪಿನ ಚಾಸಿಗೆ ಸೇರಿರುತ್ತವೆ. ಚಾಸಿಗೆ ಕರೆಂಟ್ ಸೋರಿದರೆ, ಗಿಟಾರ್ ಹಿಡಿದವನ ತುಟಿ ಮೈಕಿಗೆ ತಗುಲಿದ ಕ್ಷಣ ಸರ್ಕ್ಯೂಟ್ ಪೂರ್ತಿಯಾಗುತ್ತೆ. ಆದ್ದರಿಂದ ಮೊದಲ ಮಾಡಿಫಿಕೇಶನ್ ಹೊಸ ಮೂರು ಪಿನ್ನಿನ ವೈರ್. ಒಳಗೆ ಡಿಸಿ 300 ವೋಲ್ಟ್ ದಾಟುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಉಳಿದಿರಬಹುದು. ನಮ್ಮ ಲ್ಯಾಬಿನ ಅಣ್ಣ ಪಕ್ಕದಲ್ಲೇ ನಿಂತು ಹೇಳ್ತಿದ್ರು: "ಒಂದು ಕೈ ಜೇಬಲ್ಲಿರ್ಲಿ ಕಣ್ರಪ್ಪ. ರೆಸಿಸ್ಟರ್ ಹಾಕಿ ಡಿಸ್ಚಾರ್ಜ್ ಮಾಡಿ, ಮೀಟರ್‌ನಲ್ಲಿ ನೋಡಿ, ಆಮೇಲೆ ಮುಟ್ಟಿ." ಪ್ರತಿಸಲವೂ ಹಾಗೇ ಮಾಡಿದೆವು.

ಎರಡನೇ ತಲೆನೋವು ನಮ್ಮ ದೇಶದ ಕರೆಂಟು. ಆಂಪಿನ ಹಿಂದೆ 117 ವೋಲ್ಟ್, 60 ಹರ್ಟ್ಜ್ ಎಂದಿದೆ. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆಯೇ ಹೊರತು ಫ್ರೀಕ್ವೆನ್ಸಿ ಬದಲಿಸುವುದಿಲ್ಲ. ಕೋರಿನ ಫ್ಲಕ್ಸ್ ವೋಲ್ಟೇಜನ್ನು ಫ್ರೀಕ್ವೆನ್ಸಿಯಿಂದ ಭಾಗಿಸಿದಷ್ಟು. 117/60 ಅಂದರೆ 1.95. ಅದೇ ಫ್ಲಕ್ಸ್ 50 ಹರ್ಟ್ಜ್‌ನಲ್ಲಿ ಬೇಕಾದರೆ 97.5 ವೋಲ್ಟ್ ಕೊಡಬೇಕು. ಆದರೆ ಆಗ ವಾಲ್ವಿನ 6.3 ವೋಲ್ಟ್ ಹೀಟರ್ 5.25ಕ್ಕೆ ಇಳಿಯುತ್ತದೆ, ಅದು ಶೇ. 10ರ ಮಿತಿಯ ಹೊರಗೆ. 110 ವೋಲ್ಟ್ ಕೊಟ್ಟರೆ ಹೀಟರಿಗೆ 5.9 ಸಿಗುತ್ತದೆ, ಫ್ಲಕ್ಸ್ ಸುಮಾರು ಶೇ. 13 ಹೆಚ್ಚು. ನಾವು 110ಕ್ಕೆ ನಿಂತೆವು. ಒಂದು ಗಂಟೆ ನಡೆಸಿ, ಪ್ಲಗ್ ಕಿತ್ತು, ಟ್ರಾನ್ಸ್‌ಫಾರ್ಮರ್ ಮುಟ್ಟಿ ನೋಡಿದೆವು. ಕೈ ಇಟ್ಟುಕೊಂಡಿರುವಷ್ಟೇ ಬಿಸಿ. ಮೆಷಿನ್ಸ್ ಲ್ಯಾಬಿನಲ್ಲಿ ಬರೆದ ಸೂತ್ರ ನಿಜವಾಗಿ ಬೇಕಾದದ್ದು ಅವತ್ತೇ.

ಆಮೇಲೆ ಗುಂಯ್ ಅನ್ನೋ ಹಮ್. ಮೊಬೈಲಿನ ಸ್ಪೆಕ್ಟ್ರಮ್ ಆಪಿನಲ್ಲಿ 100 ಹರ್ಟ್ಜ್‌ನಲ್ಲಿ ದೊಡ್ಡ ಗೋಪುರ ಕಂಡಿತು. 50 ಇದ್ದಿದ್ದರೆ ಹೀಟರ್ ವೈರಿಂಗ್ ಕಡೆ ನೋಡಬೇಕಿತ್ತು. 100 ಅಂದರೆ ಫುಲ್-ವೇವ್ ರೆಕ್ಟಿಫೈಯರಿನ ರಿಪಲ್, ಅಂದರೆ ಒಣಗಿದ ಫಿಲ್ಟರ್ ಕೆಪಾಸಿಟರ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 22 ಮೈಕ್ರೋಫ್ಯಾರಡ್, 450 ವೋಲ್ಟಿನವು ಸಿಕ್ಕವು. "47 ಹಾಕೋಣ, ಹಮ್ ಇನ್ನೂ ಕಡಿಮೆ ಆಗುತ್ತೆ" ಅಂದ ನಮ್ಮ ಮೆಕ್ಯಾನಿಕಲ್ ಹುಡುಗ. ಬೇಡವೆಂದೆವು. ಮೊದಲ ಕೆಪಾಸಿಟರ್ ದೊಡ್ಡದಾದಷ್ಟೂ ಅದನ್ನು ತುಂಬುವ ಕರೆಂಟಿನ ಪೀಕ್ ಏರುತ್ತದೆ, ಪೆಟ್ಟು ಬೀಳೋದು 5ವೈ3ಗೆ. ಹಳೇ ಡಬ್ಬಿ ಕೆಪಾಸಿಟರ್ ಚಾಸಿಯ ಮೇಲೆ ಹಾಗೇ ನಿಂತಿದೆ, ಕನೆಕ್ಷನ್ ಮಾತ್ರ ಇಲ್ಲ. ಹೊಸವು ಕೆಳಗೆ ಕೂತಿವೆ.

ಸ್ವಿಚ್ ಹಾಕಿದಾಗ ಯಾರೂ ಮಾತಾಡಲಿಲ್ಲ. ಬಾಸ್ ಬಿಗಿಯಾಗಿತ್ತು, ಒಂದು ಕಾರ್ಡ್ ನುಡಿಸಿದರೆ ಆರೂ ತಂತಿ ಬೇರೆಬೇರೆಯಾಗಿ ಕೇಳುತ್ತಿದ್ದವು. ನಾವಿನ್ನೂ ಮಾಡಿಫಿಕೇಶನ್ ಅನ್ನೋದನ್ನ ಶುರುವೇ ಮಾಡಿರಲಿಲ್ಲ! ಹಳೇ ಆಂಪಿನ ದನಿ ಸರಿಯಿಲ್ಲ ಅನ್ನುವವರು ಎಷ್ಟೋ ಸಲ ಕೇಳುತ್ತಿರುವುದು ಸತ್ತ ಕೆಪಾಸಿಟರಿನ ದನಿ, ಡಿಸೈನಿನದಲ್ಲ.

ನಿಜವಾದ ಬದಲಾವಣೆ ಅಂತ ಮಾಡಿದ್ದು ಒಂದೇ. ಚಾಂಪಿನಲ್ಲಿ ಟ್ರೆಬಲ್, ಬಾಸ್ ನಾಬ್ ಇವೆ, ಮಿಡ್ ಇಲ್ಲ. ಅದರ ಜಾಗದಲ್ಲಿ ಕದಲದ 15 ಕೆ ರೆಸಿಸ್ಟರ್. ಒಬ್ಬರೇ ನುಡಿಸುವಾಗ ಆ ದನಿ ಸೊಗಸು, ಆದರೆ ಕೀಬೋರ್ಡೂ ಬಾಸೂ ಸೇರಿದರೆ ಗಿಟಾರ್ ಕಳೆದುಹೋಗುತ್ತೆ. ನಾವು ಎರಡನೇ ಇನ್‌ಪುಟ್ ಜಾಕ್ ಬಿಚ್ಚಿ, ಮೊದಲ ಜಾಕಿನ ವೈರಿಂಗ್ ಅದಕ್ಕೆ ತಕ್ಕಂತೆ ಜೋಡಿಸಿ, ಖಾಲಿಯಾದ ತೂತಿನಲ್ಲೇ 25 ಕೆ ಪಾಟ್ ಕೂರಿಸಿದೆವು. 15ರ ಹತ್ತಿರ ಇಟ್ಟರೆ ಹಳೇ ದನಿ, ಮುಂದೆ ತಿರುಗಿಸಿದರೆ ಮಿಡ್ ತುಂಬಿಕೊಳ್ಳುತ್ತದೆ, ಡಿಸ್ಟಾರ್ಶನ್ನೂ ಬೇಗ ಬರುತ್ತದೆ.

ಜಗಳ ಆದದ್ದು ಫೀಡ್‌ಬ್ಯಾಕಿನ ಮೇಲೆ. ಸ್ಪೀಕರ್ ಕಡೆಯಿಂದ 2.7 ಕೆ ರೆಸಿಸ್ಟರ್ ಮೂಲಕ ಸ್ವಲ್ಪ ಸಿಗ್ನಲ್ ಹಿಂದಕ್ಕೆ ಹೋಗುತ್ತದೆ, ಅದು ನೆಗೆಟಿವ್ ಫೀಡ್‌ಬ್ಯಾಕ್. ಅದನ್ನು ಬಿಡಿಸಿದರೆ ಗೇನ್ ಏರುತ್ತೆ, ದನಿ ಒರಟಾಗುತ್ತೆ. ಮೆಟಲ್ ಕೇಳೋ ಗೆಳೆಯನಿಗೆ ಅದೇ ಬೇಕಿತ್ತು. ಬಿಡಿಸಿ ಒಂದು ವಾರ ಕೇಳಿದೆವು. ರಾಕ್ ನುಡಿಸುವಾಗ ಮಜಾ ಇತ್ತು, ನಿಜ. ಆದರೆ ಹಮ್ಮೂ ಹೆಚ್ಚಾಯಿತು, ಯಾಕಂದ್ರೆ ಫೀಡ್‌ಬ್ಯಾಕ್ ಅದನ್ನೂ ತಗ್ಗಿಸುತ್ತಿತ್ತು. ಗಿಟಾರಿನಲ್ಲಿ ಮೋಹನ ನುಡಿಸುವ ನಮ್ಮ ಗೆಳತಿಯ ಗಮಕಗಳು ಅಂಚಿನಲ್ಲಿ ಹರಿದಂತೆ ಕೇಳುತ್ತಿದ್ದವು. ಯಾರು ಕೇಳ್ತಾರೆ, ಏನು ನುಡಿಸ್ತಾರೆ ಅನ್ನೋದು ಬಿಟ್ಟು "ಒಳ್ಳೇ ಸೌಂಡ್" ಅಂತ ಬೇರೆ ಇಲ್ಲ ಅಂತ ಗೊತ್ತಾಯಿತು. ಮತ ಹಾಕಿದೆವು. ಮೂರಕ್ಕೆ ಒಂದು. ರೆಸಿಸ್ಟರ್ ಮತ್ತೆ ಜಾಗಕ್ಕೆ ಹೋಯಿತು. ಸೋತವನಿಗೆ ಸಮಾಧಾನಕ್ಕೆ 8 ಓಮಿನ ಎರಡು 12 ಇಂಚಿನ ಸ್ಪೀಕರ್ ಪ್ಯಾರಲಲ್ ಹಾಕಿ, 4 ಓಮ್ ಮಾಡಿ ಕೊಟ್ಟೆವು. ಅದೇ 5 ವಾಟು, ಪಕ್ಕದ ಬ್ಲಾಕಿನಿಂದ ವಾರ್ಡನ್ ಬಂದರು.

ದೊಡ್ಡಪ್ಪ ಕೇಳಲು ಬಂದಾಗ ಮಿಡ್ ನಾಬ್ 15ರಲ್ಲಿ ಇಟ್ಟಿದ್ದೆವು. ಬೆರಳು ಮೊದಲಿನ ಹಾಗೆ ಮಡಚಲ್ಲ ಅಂತ ನಾಲ್ಕೇ ಕಾರ್ಡ್ ನುಡಿಸಿದರು. "ದನಿ ಅದೇ" ಅಂದರು. ಆಮೇಲೆ ತಾವೇ ನಾಬನ್ನು ಪೂರ್ತಿ ತಿರುಗಿಸಿ ಮತ್ತೆ ನುಡಿಸಿದರು. "ಇದು ನಿಮ್ದು. ಇರ್ಲಿ ಬಿಡಿ."

ನಿಮ್ಮ ಮನೆಯ ಅಟ್ಟದಲ್ಲೂ ವಾಲ್ವಿನ ಹಳೇ ಯಂತ್ರ ಇದ್ದರೆ, ತಿಳಿದವರು ಪಕ್ಕದಲ್ಲಿಲ್ಲದೆ ಬಿಚ್ಚಬೇಡಿ. ಮೊದಲು ಕೆಟ್ಟದ್ದನ್ನು ರಿಪೇರಿ ಮಾಡಿ, ನಾಲ್ಕು ದಿನ ಕೇಳಿ. ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ. ನಮ್ಮ ಚಾಂಪಿನ ಪೆಟ್ಟಿಗೆಯೊಳಗೆ ಒಂದು ಕವರ್ ಅಂಟಿಸಿದ್ದೇವೆ. ಅದರಲ್ಲಿ ಹಳೇ ಜಾಕ್, 15 ಕೆ ರೆಸಿಸ್ಟರ್, ಯಾವ ವೈರ್ ಎಲ್ಲಿತ್ತು ಅನ್ನೋ ನಕ್ಷೆ. ನಮ್ಮ ಜೂನಿಯರ್ಸ್‌ಗೆ ನಮ್ಮ ಸೌಂಡ್ ಇಷ್ಟವಾಗದಿದ್ದರೆ ಒಂದು ಸಂಜೆಯಲ್ಲಿ ತೆಗೆದುಹಾಕಬಹುದು.