ಒಂದು ಕೂಡಿಕೆಯ ಲೆಕ್ಕ

ಈ ಸ್ಮರಣ ಸಂಪುಟಕ್ಕೆ ಅಧ್ಯಾಪನ ಕಾಲದ ಅನುಭವವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಅಪ್ಪಣೆ ಮಾಡಿದಾಗ, ಬಹುಕಾಲ ಸೇವೆ ಸಲ್ಲಿಸಿದವನಿಗೆ ಸಹಜವಾಗಿಯೇ ಸಂತೋಷದ ಸಂಗತಿಗಳು ಹಲವು ನೆನಪಿಗೆ ಬಂದವು. ಅವನ್ನು ಬರೆಯುವವರು ಬೇರೆ ಇದ್ದಾರೆ. ನಾನು ನನ್ನದೊಂದು ತಪ್ಪನ್ನು ಇಲ್ಲಿ ನಿವೇದಿಸಿಕೊಳ್ಳುತ್ತೇನೆ.

ಅದು 1983ನೆಯ ಇಸವಿ. ಪದವಿಪೂರ್ವ ತರಗತಿಗೆ ರಸಾಯನಶಾಸ್ತ್ರವನ್ನು ಬೋಧಿಸುತ್ತಿದ್ದೆ. ಅರ್ಧವಾರ್ಷಿಕ ಪರೀಕ್ಷೆಗೆ ರಾಸಾಯನಿಕ ಸಮತೋಲನದ ಲೆಕ್ಕವೊಂದನ್ನು ಕೊಟ್ಟಿದ್ದೆ. ನೈಟ್ರೋಜನ್ ಟೆಟ್ರಾಕ್ಸೈಡ್ ಎಂಬ ಬಣ್ಣವಿಲ್ಲದ ಅನಿಲವು ಒಡೆದು ನೈಟ್ರೋಜನ್ ಡೈಆಕ್ಸೈಡ್ ಎಂಬ ಕಂದು ಅನಿಲವಾಗುತ್ತದೆ. ಒಂದು ಅಣುವಿನಿಂದ ಎರಡು ಅಣುಗಳು. ಕಂದು ಅನಿಲದ ಒತ್ತಡದ ವರ್ಗವನ್ನು ಬಣ್ಣವಿಲ್ಲದ ಅನಿಲದ ಒತ್ತಡದಿಂದ ಭಾಗಿಸಿದರೆ ಬರುವ ಸ್ಥಿರಾಂಕವು 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 0.14. ಒಟ್ಟು ಒತ್ತಡ ಒಂದು ಅಟ್ಮಾಸ್ಫಿಯರ್ ಇದ್ದಾಗ ಕಂದು ಅನಿಲದ ಪಾಲು 0.31, ಇನ್ನೊಂದರದು 0.69. ಈಗ ಒಟ್ಟು ಒತ್ತಡ ಬದಲಾಗದಂತೆ ಆರ್ಗಾನ್ ಅನಿಲವನ್ನು ಬೆರೆಸಿ, ಅದರ ಪಾಲು 0.50 ಆದಾಗ ಕಂದು ಅನಿಲದ ಒತ್ತಡವೆಷ್ಟು? ಇದು ಪ್ರಶ್ನೆ.

ಪ್ರಶ್ನೆಯನ್ನು ಹಳೆಯ ಪ್ರಶ್ನೆಪತ್ರಿಕೆಯೊಂದರಿಂದ ಎತ್ತಿಕೊಂಡಿದ್ದೆ. ಉತ್ತರವನ್ನು ಮಾತ್ರ ನನ್ನ ಟಿಪ್ಪಣಿಯಿಂದ. ಜಡಾನಿಲವು ಯಾವುದರೊಡನೆಯೂ ಸೇರದು, ಆದ್ದರಿಂದ ಏನೂ ಬದಲಾಗದು, ಉತ್ತರ 0.31 ಎಂದು ನನ್ನ ತೀರ್ಮಾನ. ಮುಚ್ಚಿದ ಗಟ್ಟಿ ಪಾತ್ರೆಯೊಳಗಾದರೆ ಆ ಮಾತು ಸರಿಯೇ. ಇಡೀ ತರಗತಿ ಹಾಗೆಯೇ ಬರೆದಿತ್ತು, ನಾನು ಹಾಗೆಯೇ ಹೇಳಿಕೊಟ್ಟಿದ್ದೆನಲ್ಲ! ಮಠದ ಉಚಿತ ಪ್ರಸಾದನಿಲಯದಲ್ಲಿದ್ದ ಹುಡುಗನೊಬ್ಬ ಮಾತ್ರ 0.20 ಎಂದು ಬರೆದಿದ್ದ. ಕಂದು ಅನಿಲದ ಒತ್ತಡವನ್ನು ಅವ್ಯಕ್ತವೆಂದಿಟ್ಟುಕೊಂಡು, ಇನ್ನೊಂದನ್ನು ಅರ್ಧದಲ್ಲಿ ಅದು ಕಳೆದಷ್ಟು ಎಂದು ತಿಳಿದು, ವರ್ಗಸಮೀಕರಣವನ್ನು ಬಿಡಿಸಿ, ಋಣಮೂಲವನ್ನು ಕೈಬಿಟ್ಟಿದ್ದ. ನಾನು ಅಡ್ಡಗೆರೆ ಎಳೆದು ಐದು ಅಂಕಗಳನ್ನೂ ಕಳೆದೆ.

ಆ ವರ್ಷ ರಸಾಯನಶಾಸ್ತ್ರದಲ್ಲಿ ಮೊದಲಿಗನಾದವನಿಗೆ ದಾನಿಗಳೊಬ್ಬರ ದತ್ತಿಯಿಂದ ವಿದ್ಯಾರ್ಥಿವೇತನ ಸಲ್ಲಬೇಕಾಗಿತ್ತು. ಎರಡು ಅಂಕಗಳ ಅಂತರದಲ್ಲಿ ಅದು ಬೇರೊಬ್ಬನಿಗೆ ಹೋಯಿತು. ಶಿವಾನುಭವಗೋಷ್ಠಿಯಲ್ಲಿ ಘೋಷಣೆಯೂ ಆಯಿತು.

ಎರಡು ವಾರಗಳ ಬಳಿಕ ಹೇಬರ್ ವಿಧಾನದಿಂದ ಅಮೋನಿಯ ತಯಾರಿಸುವ ಪಾಠ ಬಂದಿತು. ಹೇಬರರು 1909ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಸಾಧಿಸಿ ತೋರಿದ್ದು, 1913ರಲ್ಲಿ ಜರ್ಮನಿಯ ಒಪ್ಪಾವಿನಲ್ಲಿ ಕಾರ್ಖಾನೆ ಎದ್ದದ್ದು, ಎಲ್ಲವನ್ನೂ ಉತ್ಸಾಹದಿಂದ ಹೇಳುತ್ತಿದ್ದೆ. ಗಾಳಿಯಿಂದ ನೈಟ್ರೋಜನ್ನನ್ನು ಪಡೆಯುವಾಗ ಅದರೊಡನೆ ಆರ್ಗಾನೂ ಒಳಬರುತ್ತದೆ. ಅನಿಲ ಸುತ್ತಿ ಸುತ್ತಿ ಬರುವಾಗ ಅದು ಸೇರುತ್ತ ಹೋಗುತ್ತದೆ. ಒಟ್ಟು ಒತ್ತಡ ಅಷ್ಟೇ ಇರುವುದರಿಂದ ಬೇಕಾದ ಅನಿಲಗಳ ಪಾಲು ಕುಗ್ಗಿ, ಅಣುಗಳು ಹೆಚ್ಚಿರುವ ಕಡೆಗೆ ಸಮತೋಲನ ವಾಲಿ, ಅಮೋನಿಯದ ಇಳುವರಿ ಇಳಿಯುತ್ತದೆ. ಆದ್ದರಿಂದಲೇ ಆಗಾಗ್ಗೆ ಒಂದಿಷ್ಟು ಅನಿಲವನ್ನು ಹೊರಬಿಡುತ್ತಾರೆ ಎಂದೆ. ಹಾಗೆನ್ನುತ್ತಿದ್ದಂತೆಯೇ ಮಾತು ಗಂಟಲಲ್ಲಿ ನಿಂತಿತು. ಸೀಮೆಸುಣ್ಣವನ್ನು ಕೆಳಗಿಟ್ಟು, ತಲೆನೋವೆಂದು ಸುಳ್ಳು ಹೇಳಿ ಹೊರಬಂದೆ.

ಮನೆಯಲ್ಲಿ ನನ್ನ ಉತ್ತರದ ಅಂಕಿಗಳನ್ನು ಕೂಡಿಸಿದೆ. 0.31, 0.69, 0.50: ಒಟ್ಟು ಒಂದೂವರೆ. ಪ್ರಶ್ನೆಯಲ್ಲಿ ನಾನೇ ಕೊಟ್ಟದ್ದು ಒಂದು! ಹುಡುಗನದು 0.20, 0.30, 0.50: ಸರಿಯಾಗಿ ಒಂದು. ಅನಿಲಗಳ ಪಾಲುಗಳು ಕೂಡಿ ಒಟ್ಟು ಒತ್ತಡವಾಗುತ್ತದೆಂದು ಡಾಲ್ಟನ್ನರು 1801ರಲ್ಲಿಯೇ ಹೇಳಿದ್ದರು. ಪ್ರಾಥಮಿಕ ಶಾಲೆಯ ಕೂಡಿಕೆಯೊಂದನ್ನು ಮಾಡಿದ್ದರೆ ಸಾಕಿತ್ತು, ನಾನು ಮಾಡಿರಲಿಲ್ಲ.

ಮರುದಿನ ಪ್ರಾಂಶುಪಾಲರಲ್ಲಿ ಹೇಳಿಕೊಂಡೆ. ಘೋಷಿಸಿದ್ದನ್ನು ಹಿಂತೆಗೆಯುವುದು ಹೇಗೆಂದು ಅವರು ಚಿಂತಾಕ್ರಾಂತರಾದರು. ಸಂಜೆ ಮಠಕ್ಕೆ ಹೋಗಿ ಪೂಜ್ಯರ ಪಾದಗಳಿಗೆರಗಿ ಎಲ್ಲವನ್ನೂ ಅರಿಕೆ ಮಾಡಿದೆ. ಪೂಜ್ಯರು ಅನಿಲದ ವಿಷಯ ಕೇಳಲಿಲ್ಲ, ದತ್ತಿಯ ವಿಷಯವನ್ನೂ ಎತ್ತಲಿಲ್ಲ. “ಮಾಸ್ತರರೇ, ಹುಡುಗನಿಗೆ ಹೇಳಿದಿರಾ?” ಎಂದಷ್ಟೇ ಕೇಳಿದರು. ನಾನು ಹೇಳಿರಲಿಲ್ಲ. ಎಲ್ಲರಿಗೂ ಹೇಳಿ, ಅವನಿಗೊಬ್ಬನಿಗೆ ಹೇಳುವುದನ್ನು ಬಿಟ್ಟಿದ್ದೆ.

ತರಗತಿಯಲ್ಲಿ ಕರಿಹಲಗೆಯ ಮೇಲೆ ಎರಡೂ ಕೂಡಿಕೆಗಳನ್ನು ಬರೆದು, ತಪ್ಪು ನನ್ನದೆಂದೆ. ಹುಡುಗ ತಲೆ ತಗ್ಗಿಸಿ ನಿಂತ.

“ನಾನೂ ಕೂಡಿಸಿ ನೋಡಿದ್ದೆ ರೀ ಸರ್. ನಿಮ್ಮದು ಒಂದೂವರೆ ಬರತಿತ್ತು.”

“ಮತ್ತೆ ಏಕೆ ಕೇಳಲಿಲ್ಲ?”

“ನೀವು ತಪ್ಪಂಗಿಲ್ಲ ಅಂತ ನನ್ನ ಲೆಕ್ಕಾನ ಮತ್ತ ಮೂರು ಸಲ ಮಾಡಿ ನೋಡಿದೆ ರೀ.”

ವೇತನ ಮತ್ತೊಬ್ಬನಲ್ಲಿಯೇ ಉಳಿಯಿತು. ಅವನೂ ಬಡವರ ಮಗ. ಕೊಟ್ಟದ್ದನ್ನು ಕಿತ್ತುಕೊಳ್ಳುವುದು ಪೂಜ್ಯರಿಗೆ ಸಮ್ಮತವಿರಲಿಲ್ಲ, ನನಗೂ ಇರಲಿಲ್ಲ. ಅಷ್ಟೇ ಮೊತ್ತವನ್ನು ನನ್ನ ಸಂಬಳದಿಂದ ತಿಂಗಳು ತಿಂಗಳೂ ಕಛೇರಿಯಲ್ಲಿ ಕಟ್ಟಿ, ಮೊದಲಿಗನಿಗೆ ತಲುಪಿಸಿದೆನು. ಗುಮಾಸ್ತರು ನನ್ನ ಹೆಸರನ್ನು ದಾನಿಗಳ ಪಟ್ಟಿಯಲ್ಲಿ ಸೇರಿಸಹೊರಟಾಗ, ಅದು ದಾನದ ಬಾಬತ್ತಲ್ಲವೆಂದು ತಿಳಿಸಿ ತೆಗೆಸಿದೆನು.