ಕಣಜದ ಕೋಣೆಯ ಅನುಮಂದ್ರ

ಮನೆಗೆ ಹೊಸದೊಂದು ತೆಂಗಿನ ಸಸಿ ತಂದರೆ ಅದನ್ನು ಎಲ್ಲಿ ನೆಡಬೇಕೆಂದು ನಾಲ್ಕು ಜನ ಕೂಡಿ ಆಲೋಚಿಸುವುದುಂಟು. ಬಿಸಿಲು ಎಷ್ಟು, ನೀರು ಎತ್ತ ಹರಿಯುತ್ತದೆ, ಗೋಡೆಗೆ ಬೇರು ತಾಗೀತೆ ಎಂದೆಲ್ಲ ವಿಚಾರ ನಡೆಯುತ್ತದೆ. ಆದರೆ ಸಂಗೀತದ ಪೆಟ್ಟಿಗೆ ಬಂದಾಗ ಅಂತಹ ಆಲೋಚನೆ ಯಾರಿಗೂ ಹೊಳೆಯುವುದಿಲ್ಲ. ಎಲ್ಲಿ ಮೂಲೆ ಖಾಲಿಯಿದೆಯೋ ಅದೇ ಅದರ ಸ್ಥಾನ. ಆಮೇಲೆ ನಾದ ಕೆಟ್ಟಿತೆಂದು ಪೆಟ್ಟಿಗೆಯನ್ನೂ ಅದನ್ನು ತಂದವರನ್ನೂ ದೂರುವುದು ಲೋಕರೂಢಿ.

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯಲ್ಲಿ ನೆಲೆಸಿರುವ ರಾಯರೊಬ್ಬರು ಈ ರೂಢಿಗೆ ಹೊರತಾದವರೇನೂ ಆಗಿರಲಿಲ್ಲ. ಮೈಸೂರಿನ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಗಳಿಗೂ ಮಿಗಿಲಾಗಿ ವಿಜ್ಞಾನ ಬೋಧಿಸಿ, ನಿವೃತ್ತರಾದ ಮೇಲೆ ಅವರು ಮಡದಿಯೊಡನೆ ಹಿರಿಯರ ತೊಟ್ಟಿಮನೆಗೆ ಮರಳಿದ್ದರು. ಸುತ್ತ ರಾಗಿಯ ಹೊಲ, ಹೊಗೆಸೊಪ್ಪಿನ ಹೊಲ, ಮನೆಯೊಳಗೆ ಇಬ್ಬರೇ. ಮಡದಿ ಒಂದು ಕಾಲಕ್ಕೆ ಮೈಸೂರು ಬಾನಿಯಲ್ಲಿ ವೀಣೆಯನ್ನು ಚೆನ್ನಾಗಿ ನುಡಿಸುತ್ತಿದ್ದವರು. ಈಗ ಬೆರಳ ಗಿಣ್ಣುಗಳು ಊದಿಕೊಂಡು ಮೆಟ್ಟಿಲುಗಳ ಮೇಲೆ ಓಡಲು ಒಪ್ಪವು. ವೀಣೆ ಮುಸುಕು ಹೊದ್ದು ದೇವರ ಕೋಣೆಯ ಪಕ್ಕದಲ್ಲಿ ಮಲಗಿದೆ.

ಆ ವೀಣೆಯ ನಾದ ಉಳಿದಿದ್ದದ್ದು ಒಂದೇ ಒಂದು ಸುರುಳಿಯಲ್ಲಿ. 1974ರ ಒಂದು ರಜೆಯಲ್ಲಿ ಬಂಧುವೊಬ್ಬರು ಟೇಪ್ ರಿಕಾರ್ಡರ್ ಹೊತ್ತು ತಂದು ಇದೇ ಮನೆಯ ಪಡಸಾಲೆಯಲ್ಲಿ ಮುಕ್ಕಾಲು ಗಂಟೆ ಮುದ್ರಿಸಿಕೊಂಡಿದ್ದರು. ಆಗ ಅತ್ತೆ ಮಾವಂದಿರಿಬ್ಬರೂ ಇದ್ದರು. ಸೊಸೆಯ ಅಡುಗೆಯನ್ನು ನಾಲ್ಕು ಮಂದಿಯೆದುರು ಹೊಗಳುತ್ತಿದ್ದ ಅತ್ತೆ, ವೀಣೆಯ ವಿಷಯದಲ್ಲಿ ಕಡೆಯವರೆಗೂ ಒಳ್ಳೆಯದೆಂದಾಗಲಿ ಕೆಟ್ಟದ್ದೆಂದಾಗಲಿ ಒಂದು ಮಾತು ಆಡಿದವರಲ್ಲ. ಆ ಮೌನ ಸೊಸೆಯ ಮನಸ್ಸಿನಲ್ಲಿ ಸಣ್ಣ ಮುಳ್ಳಾಗಿ ಉಳಿದಿತ್ತು.

ಹೊರದೇಶದಲ್ಲಿರುವ ಮಗ ಆ ಸುರುಳಿಯನ್ನು ಹೊಸ ವಿಧಾನಕ್ಕೆ ವರ್ಗಾಯಿಸಿ, ಜೊತೆಗೆ ಒಂದು ಆಂಪ್ಲಿಫೈಯರನ್ನೂ ಎರಡು ಒಳ್ಳೆಯ ಸ್ಪೀಕರುಗಳನ್ನೂ ಕೊಡಿಸಿ ಹೋದ. ಅವುಗಳಿಗೆ ದೊರೆತ ಸ್ಥಾನ ಹಳೆಯ ಕಣಜದ ಕೋಣೆ. ಹತ್ತಡಿ ಉದ್ದ, ಹತ್ತಡಿ ಅಗಲ, ಮಣ್ಣು ಹೊದಿಸಿದ ಹಲಗೆಯ ಚಾವಣಿಗೂ ಹತ್ತೇ ಅಡಿ. ಎರಡಡಿ ದಪ್ಪದ ಗೋಡೆ; ಹೊರಗಿನ ಟ್ರ್ಯಾಕ್ಟರಿನ ಸದ್ದು ಒಳಗೆ ಬಾರದು. ರಾಯರು ಎರಡು ಮೂಲೆಗಳಿಗೆ ಎರಡು ಪೆಟ್ಟಿಗೆಗಳನ್ನು ಒತ್ತಿ ಇಟ್ಟು, ಎದುರು ಗೋಡೆಗೆ ಒರಗಿಸಿ ಕುರ್ಚಿ ಹಾಕಿ, ಮಡದಿಯನ್ನು ಕರೆದರು.

ಮೊದಲು ಸಾರಣಿ ನುಡಿಯಿತು, ಮುಖ ಅರಳಿತು. ಅನುಮಂದ್ರದ ತಂತಿಗೆ ಬೆರಳು ಬಿದ್ದದ್ದೇ ತಡ, ಕೋಣೆಯೇ ಗುಡುಗಿತು. ಒಂದು ಮೀಟು ಮುಗಿದು ಮುಂದಿನ ಸ್ವರ ಬಂದರೂ ಹಿಂದಿನ ಗುಡುಗು ನಿಲ್ಲದೆ ಅದರ ಮೇಲೆ ಕವಿಯುತ್ತಿತ್ತು. "ಇದೇನು, ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನ ಕಣಜಕ್ಕೆ ಇಳಿದು ಬಂದನೆ? ಇದು ನನ್ನ ವೀಣೆ ಅಲ್ಲಾಂದ್ರೆ," ಎಂದು ಅವರು ನಕ್ಕೇ ಎದ್ದು ಹೋದರು. ಆದರೆ ಮರುದಿನ ಕರೆದಾಗ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. "ಕೇಳಿ ಆಗಬೇಕಾದ್ದೇನು? ಆಗ ನುಡಿಸಿದ್ದೇ ಹಾಗಿರಬೇಕು. ಅದಕ್ಕೇ ಅತ್ತೆ ಒಂದು ದಿನವೂ ಮಾತಾಡಲಿಲ್ಲ," ಎಂದರು. ಆಗ ರಾಯರಿಗೆ ವಿಷಯ ಹುಡುಗಾಟದ್ದಲ್ಲವೆಂದು ಅರಿವಾಯಿತು.

ಅವರು ಮಾಡಿದ ಮೊದಲನೆಯ ಉಪಾಯ ಎಲ್ಲರೂ ಮಾಡುವಂಥದೆ. ಮನೆಯಲ್ಲಿದ್ದ ಕಂಬಳಿಗಳನ್ನೆಲ್ಲ ತಂದು ನಾಲ್ಕು ಗೋಡೆಗಳಿಗೂ ಇಳಿಬಿಟ್ಟರು. ಫಲ ವಿಪರೀತವಾಯಿತು. ಮೀಟಿನ ಮೊನಚು, ತಾಳದ ತಂತಿಗಳ ಹೊಳಪು ಎಲ್ಲವೂ ಕಂಬಳಿಯೊಳಗೆ ಹೂತು ಹೋದವು. ಗುಡುಗು ಮಾತ್ರ ಇದ್ದಂತೆಯೇ ಇತ್ತು. ತಾರದ ನಾದದ ಅಲೆ ಕೆಲವೇ ಅಂಗುಲಗಳಷ್ಟು ಉದ್ದ. ಅದನ್ನು ಕಂಬಳಿ ಹೀರಬಲ್ಲದು. ಅನುಮಂದ್ರದ ಅಲೆಯಾದರೋ ಇಪ್ಪತ್ತು ಅಡಿ ಉದ್ದದ್ದು. ಅರ್ಧ ಅಂಗುಲದ ಉಣ್ಣೆಗೆ ಅದು ಬಗ್ಗುವುದುಂಟೆ?

ಮೇಷ್ಟರೊಳಗಿನ ವಿಜ್ಞಾನ ಆಗ ಎಚ್ಚೆತ್ತಿತು. ಗಾಳಿಯಲ್ಲಿ ನಾದ ಸೆಕೆಂಡಿಗೆ ಸುಮಾರು 1,125 ಅಡಿ ಚಲಿಸುತ್ತದೆ. ಹತ್ತಡಿಯ ಕೋಣೆಯಲ್ಲಿ ಎದುರು ಗೋಡೆಗೆ ಹೋಗಿ ಹಿಂದಿರುಗಲು ಇಪ್ಪತ್ತಡಿ. ಅಂದರೆ ಸೆಕೆಂಡಿಗೆ 56 ಬಾರಿ. ಅಷ್ಟೇ ಕಂಪನಗಳುಳ್ಳ ನಾದ ಬಂದರೆ, ಹೋಗುವ ಅಲೆಗೆ ಬರುವ ಅಲೆ ಕೈಗೂಡಿಸುತ್ತದೆ. ಉಯ್ಯಾಲೆ ಹಿಂದಿರುಗಿದ ಕ್ಷಣಕ್ಕೇ ಮತ್ತೆ ತಳ್ಳಿದಂತೆ ಅದು ಬೆಳೆಯುತ್ತದೆ. ವೀಣೆಯ ಸಾರಣಿಯನ್ನು 147 ಕಂಪನಕ್ಕೆ, ಎಂದರೆ ಎರಡು ಕಟ್ಟೆ ಶ್ರುತಿಗೆ, ಕೂಡಿಸಿದರೆ ಎರಡನೆಯ ತಂತಿಯ ಪಂಚಮಕ್ಕೆ 110, ಮಂದ್ರ ಷಡ್ಜಕ್ಕೆ ಸುಮಾರು 73, ಅನುಮಂದ್ರ ಪಂಚಮಕ್ಕೆ 55. ಮಡದಿಯ ವೀಣೆಯ ಶ್ರುತಿ ಎರಡು ಕಟ್ಟೆಯೇ ಆಗಿತ್ತು! ಕಣಜಕ್ಕೂ ಅನುಮಂದ್ರಕ್ಕೂ ಶ್ರುತಿ ಕೂಡಿಬಿಟ್ಟಿತ್ತು. ಉದ್ದ, ಅಗಲ, ಎತ್ತರ ಮೂರೂ ಒಂದೇ ಆಗಿದ್ದರಿಂದ ಮೂರು ದಿಕ್ಕಿನಲ್ಲೂ ಅದೇ ಸ್ವರ ಮೊಳಗುತ್ತಿತ್ತು. ಅಳತೆಗಳು ಬೇರೆ ಬೇರೆಯಾಗಿದ್ದಲ್ಲಿ ಈ ಉಪದ್ರವ ಮೂರು ಸ್ವರಗಳಿಗೆ ಹಂಚಿಹೋಗಿ ಅಷ್ಟಾಗಿ ಬಾಧಿಸುತ್ತಿರಲಿಲ್ಲ.

ಇದನ್ನು ಮಡದಿಗೆ ತೋರಿಸಲು ರಾಯರು ಹರಿವಾಣದಲ್ಲಿ ನೀರು ತುಂಬಿ ಮೆಲ್ಲನೆ ತೂಗಿದರು. ಅಂಚಿನಲ್ಲಿ ನೀರು ಏರಿ ಇಳಿಯಿತು. ನಡುವಿನ ನೀರಿನ ಮಟ್ಟ ಮಾತ್ರ ಹಾಗೆಯೇ ನಿಂತಿತ್ತು. ಕೋಣೆಯ ಗಾಳಿಯ ಒತ್ತಡವೂ ಹೀಗೆಯೇ. ಗೋಡೆಗೆ ಒರಗಿ ಕುಳಿತವರಿಗೆ ಅನುಮಂದ್ರ ಗುಡುಗು. ಕೋಣೆಯ ನಟ್ಟನಡುವೆ ಕುಳಿತವರಿಗೆ ಅದೇ ತಂತಿ ಮಾಯ. "ಹಾಗಾದರೆ ತಪ್ಪು ನನ್ನ ಬೆರಳಿನದಲ್ಲ ಅನ್ನಿ," ಎಂದರು ಮಡದಿ. ಧ್ವನಿಯಲ್ಲಿ ಅರೆ ನಂಬಿಕೆಯಷ್ಟೇ ಇತ್ತು.

ಸಂಗೀತದ ಪೆಟ್ಟಿಗೆ ಮೈಸೂರು ಸೀಮೆಗೆ ಹೊಸದಲ್ಲ. 1935ರಲ್ಲಿಯೇ ಮನಶ್ಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದ ಆಕಾಶವಾಣಿಯನ್ನು ಆರಂಭಿಸಿದ್ದರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೆ ಬಂದಾಗ, ಜಯಚಾಮರಾಜ ಒಡೆಯರ ಅರಮನೆಯಲ್ಲಿದ್ದ ಧ್ವನಿಮುದ್ರಿಕೆಗಳ ಭಂಡಾರವನ್ನೂ ಬಗೆಬಗೆಯ ಧ್ವನಿವರ್ಧಕಗಳನ್ನೂ ಕಂಡು ಬೆರಗಾದನಂತೆ. ಆದರೆ ದೊರೆಗಳಿಗೆ ಈ ಕಷ್ಟ ಅಷ್ಟಾಗಿ ಇರದು. ಅರವತ್ತಡಿಯ ಹಜಾರವೊಂದರ ಮೂಲ ಸ್ವರ ಸೆಕೆಂಡಿಗೆ ಒಂಬತ್ತು ಕಂಪನ ಮಾತ್ರ. ಇಪ್ಪತ್ತಕ್ಕಿಂತ ಕೆಳಗಿನದು ಮನುಷ್ಯನ ಕಿವಿಗೆ ಕೇಳದು. ಅನುಮಂದ್ರದ ಕಾಟವೆಲ್ಲ ಸಣ್ಣ ಕೋಣೆಯ ಸಂಸಾರಿಗೇ ಮೀಸಲು.

ಪಡಸಾಲೆಗೆ ಒಯ್ದರೆ ಹೇಗೆಂದು ರಾಯರು ನೋಡಿದರು. ತೊಟ್ಟಿಯ ಬಯಲಿಗೆ ಗುಡುಗು ಹಾರಿಹೋಯಿತೆಂಬುದು ನಿಜ. ಅದರೊಂದಿಗೆ ಹೊರಗಿನ ಟ್ರ್ಯಾಕ್ಟರು, ಗುಬ್ಬಿ, ಬಂದ ನೆಂಟರ ಮಾತು ಎಲ್ಲವೂ ಒಳಗೆ ಬಂದವು. ಮತ್ತೆ ಕಣಜವೇ ಗತಿಯಾಯಿತು.

ಮೊದಲು ಪೆಟ್ಟಿಗೆಗಳನ್ನು ಮೂಲೆಯಿಂದ ಬಿಡಿಸಿದರು. ಎರಡು ಗೋಡೆ, ಒಂದು ನೆಲ ಕೂಡುವ ಮೂಲೆಯಲ್ಲಿಟ್ಟ ಪೆಟ್ಟಿಗೆಯ ಮಂದ್ರ ನಾದ ಎಲ್ಲೂ ಹರಡದೆ ಒಂದೇ ಕಡೆಗೆ ನೂಕಲ್ಪಡುತ್ತದೆ. ಕೋಣೆಯ ಅಲೆಗಳೂ ಅಲ್ಲಿಂದಲೇ ಅತ್ಯಂತ ಸುಲಭವಾಗಿ ಕೆರಳುತ್ತವೆ. ಸರಿಯಾದ ತಾಣ ಹುಡುಕಲು ಮಗ ದೂರವಾಣಿಯಲ್ಲಿ ಒಂದು ವಿಚಿತ್ರ ಉಪಾಯ ಹೇಳಿದ: "ಅಣ್ಣ, ಕೂರುವ ಕುರ್ಚಿಯ ಮೇಲೆ ಪೆಟ್ಟಿಗೆ ಇಡಿ, ನೀವು ಪೆಟ್ಟಿಗೆಯ ಜಾಗದಲ್ಲಿ ಕಿವಿ ಇಟ್ಟು ಹುಡುಕಿ." ನಾದದ ಹಾದಿಯನ್ನು ಎರಡು ಕಡೆಯಿಂದಲೂ ನಡೆಯಬಹುದಾದ್ದರಿಂದ ಈ ಅದಲುಬದಲು ಶಾಸ್ತ್ರಕ್ಕೆ ಸಮ್ಮತವೇ. ಎಪ್ಪತ್ತೆಂಟರ ರಾಯರು ಪಂಚೆ ಮೇಲಕ್ಕೆ ಕಟ್ಟಿ ನೆಲದ ಮೇಲೆ ಅಂಬೆಗಾಲಿಟ್ಟು ತಿರುಗತೊಡಗಿದರು. ಕಾಫಿ ತಂದ ಮಡದಿ ಬಾಗಿಲಲ್ಲಿ ನಿಂತು, "ಮೊಮ್ಮಗ ಹೋದ ಬೇಜಾರು ಹೀಗೆ ತೀರಿಸಿಕೊಳ್ಳುತ್ತಿದ್ದೀರಾ?" ಎಂದರು. ಅನೇಕ ದಿನಗಳ ಮೇಲೆ ಅವರು ಆ ಹೊಸ್ತಿಲವರೆಗೆ ಬಂದದ್ದು ಅದೇ ಮೊದಲು.

ಕಡೆಗೆ ನಿಂತ ಲೆಕ್ಕ ಇದು: ಪೆಟ್ಟಿಗೆಗಳು ಮುಂದಿನ ಗೋಡೆಯಿಂದ ಎರಡೂವರೆ ಅಡಿ ಈಚೆ, ಒಂದರಿಂದೊಂದು ನಾಲ್ಕೂಕಾಲು ಅಡಿ ದೂರ, ಕುರ್ಚಿ ಹಿಂದಿನ ಗೋಡೆಯಿಂದ ನಾಲ್ಕಡಿಗೆ ತುಸು ಕಡಿಮೆ. ಮೂರೂ ಸೇರಿ ಸಮಬಾಹು ತ್ರಿಕೋನ. ಕುಳಿತವರ ಕಿವಿಯ ಮಟ್ಟಕ್ಕೆ ಸರಿಯಾಗಿ ಪೆಟ್ಟಿಗೆಗಳನ್ನು ಮಣೆಯ ಮೇಲೇರಿಸಿ, ಮುಖವನ್ನು ಕೊಂಚ ಒಳಕ್ಕೆ ತಿರುಗಿಸಿದರು. ಹಳೆಯ ಸುರುಳಿ ಒಂದೇ ಮೈಕಿನದು. ಆದುದರಿಂದ ವೀಣೆ ಎಡಕ್ಕೂ ಬಲಕ್ಕೂ ಸೇರದೆ, ಏನೂ ಇಲ್ಲದ ನಡುಜಾಗದಿಂದಲೇ ನುಡಿಯಬೇಕು. ಹಾಗೆ ನುಡಿದರೆ ತ್ರಿಕೋನ ಸರಿಯೆಂದು ಅರ್ಥ. ಪಕ್ಕದ ಮನೆಯ ಹುಡುಗ ಗೋಡೆಯುದ್ದಕ್ಕೂ ಕನ್ನಡಿ ಸರಿಸುತ್ತ ಹೋದ. "ತಾತ, ಇಲ್ಲಿ ಪೆಟ್ಟಿಗೆ ಕಾಣ್ತದಾ?" ಕುರ್ಚಿಯಿಂದ ಪೆಟ್ಟಿಗೆಯ ಬಿಂಬ ಎಲ್ಲಿ ಕಂಡಿತೋ ಅಲ್ಲಿ ಮಾತ್ರ ಕಂಬಳಿ ಉಳಿಯಿತು. ಮಿಕ್ಕವು ಪೆಟಾರಿಗೆ ಹಿಂದಿರುಗಿದವು.

ಉಳಿದದ್ದು ಮೂಲೆಗಳು. ಒತ್ತಡವೆಲ್ಲ ಬಂದು ಕೂಡುವುದು ಅಲ್ಲಿಯೇ. ಅಟ್ಟದಲ್ಲಿದ್ದ ಹತ್ತಿಯ ಹಳೆಯ ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಬಡಿದು, ಸಡಿಲವಾಗಿ ಸುತ್ತಿ, ಎರಡಡಿ ದಪ್ಪದ ಕಂಬಗಳಂತೆ ನಾಲ್ಕು ಮೂಲೆಗಳಲ್ಲಿ ನೆಲದಿಂದ ಚಾವಣಿಯವರೆಗೆ ನಿಲ್ಲಿಸಿ ಗೋಣಿತಾಟು ಹೊದಿಸಿದರು. ಹತ್ತಿಯ ಎಳೆಗಳ ನಡುವೆ ನುಸುಳುವ ಗಾಳಿ ತಿಕ್ಕಾಟದಿಂದ ತನ್ನ ಬಲ ಕಳೆದುಕೊಳ್ಳುತ್ತದೆ. ಗುಡುಗು ಪೂರ್ತಿ ಹೋಗಲಿಲ್ಲ. ಆದರೆ ಒಂದು ಸ್ವರದ ಬಾಲ ಇನ್ನೊಂದನ್ನು ಮುಚ್ಚುವುದು ನಿಂತಿತು. ಪಡಸಾಲೆಯ ಕಡೆಯ ಬಾಗಿಲನ್ನು ಅರ್ಧ ತೆರೆದಾಗ ಇನ್ನಷ್ಟು ತಗ್ಗಿತು. ಉಳಿದ ಚೂರನ್ನು ಮಗ ಹೇಳಿಕೊಟ್ಟಂತೆ ಯಂತ್ರದಲ್ಲಿಯೇ 56ರ ಆಸುಪಾಸಿನಲ್ಲಿ ಮಾತ್ರ ಕೊಂಚ ಇಳಿಸಿದರು. ಯಂತ್ರದ ಚಿಕಿತ್ಸೆ ಕಡೆಯದಾಗಿರಬೇಕೇ ಹೊರತು ಮೊದಲನೆಯದಲ್ಲ. ಕೋಣೆಯ ರೋಗಕ್ಕೆ ವೀಣೆಗೆ ಲಂಘನ ಹಾಕಿಸುವುದು ನ್ಯಾಯವಲ್ಲವಷ್ಟೆ?

ಒಂದು ಸಂಜೆ, ದೀಪ ಹಚ್ಚಿದ ಮೇಲೆ, ಮಡದಿ ತಾವಾಗಿಯೇ ಬಂದು ಕುರ್ಚಿಯಲ್ಲಿ ಕುಳಿತರು. ಕಾಂಬೋಧಿಯ ಆಲಾಪನೆ ಮೊದಲಾಯಿತು. ಅನುಮಂದ್ರ ನುಡಿಯಿತು, ಗುಡುಗಲಿಲ್ಲ. ಹೇಳಬೇಕಾದುದನ್ನು ಹೇಳಿ ಸುಮ್ಮನಾಯಿತು. ಆಲಾಪನೆ ಮುಗಿದು ಆದಿತಾಳದ ಕೃತಿ ಹಿಡಿದಿತ್ತು. ಒಂದು ಕಡೆ, "ಇಲ್ಲಿ ಬೆರಳು ಜಾರಿದೆ," ಎಂದು ಅವರು ತಾವೇ ತಪ್ಪು ತೋರಿಸಿದರು. ಅದರಲ್ಲಿ ನೋವಿರಲಿಲ್ಲ.

ಆಮೇಲೆ ಇದ್ದಕ್ಕಿದ್ದಂತೆ ಕೈ ಎತ್ತಿದರು. "ಸ್ವಲ್ಪ ಹಿಂದಕ್ಕೆ ಹಾಕಿ."

ರಾಯರು ಹಾಕಿದರು. ಮಂದ್ರ ನಾದ ಅತಿಯಾದಾಗ ಅದಕ್ಕಿಂತ ಮೇಲಿನ ಸಣ್ಣ ಸದ್ದುಗಳು ಕಿವಿಗೆ ಮುಚ್ಚಿಹೋಗುವುದುಂಟು. ಇದ್ದ ಚೂರುಪಾರನ್ನು ಕಂಬಳಿಗಳು ನುಂಗಿದ್ದವು. ಈಗ ವೀಣೆಯ ಹಿಂದೆ, ಬಹಳ ಸಣ್ಣಗೆ, ಗಾಜಿನ ಬಳೆಗಳ ಸದ್ದು. ಒಂದು ಪೆಟ್ಟು, ಮೂರು ಬೆರಳೆಣಿಕೆ, ಮತ್ತೆ ಎರಡು ಪೆಟ್ಟು. ಪ್ರತಿ ಪೆಟ್ಟಿಗೂ ಬಳೆಗಳು ಘಲ್ಲೆನ್ನುತ್ತಿದ್ದವು. ಯಾರೋ ಕಂಬದ ಮರೆಯಲ್ಲಿ ಕುಳಿತು ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಬೆರಳು ಜಾರಿದ ಕಡೆ ತಾಳ ಒಂದು ಕ್ಷಣ ತಡೆದು, ವೀಣೆಯನ್ನು ಕಾದು, ಕೂಡಿಕೊಂಡು ಮುಂದೆ ನಡೆಯಿತು.

ಅಂದು ಪಡಸಾಲೆಯಲ್ಲಿದ್ದ ಹೆಂಗಸರು ಇಬ್ಬರೇ. ಒಬ್ಬರ ಎರಡು ಕೈಗಳೂ ವೀಣೆಯ ಮೇಲಿದ್ದವು.

"ಅತ್ತೆಯ ಕೈ," ಎಂದರು ಮಡದಿ. ರಾಯರು ಏನೂ ಹೇಳಲಿಲ್ಲ. ಕೃತಿ ಮುಗಿಯುವವರೆಗೆ ಇಬ್ಬರೂ ಅಲುಗಾಡದೆ ಕುಳಿತರು. ಮುಗಿದ ಮೇಲೆ ಮಡದಿ ಎದ್ದು, ದೇವರ ಕೋಣೆಯ ಕಡೆಗೆ ಹೋಗಿ, ವೀಣೆಯ ಮುಸುಕು ತೆಗೆದು ಧೂಳು ಒರೆಸತೊಡಗಿದರು. ಆ ಬೆರಳುಗಳು ಇನ್ನು ಮೆಟ್ಟಿಲೇರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ತೆರೆದ ಬಾಗಿಲಿನಿಂದ ಅನುಮಂದ್ರದ ಒಂದು ಮೀಟು ಕೇಳಿಬಂತು. ತಂತಿಯ ಶ್ರುತಿ ಇಳಿದಿತ್ತು. ರಾಯರು ಬಿರಡೆ ತಿರುಗಿಸಿಕೊಡಲು ಎದ್ದು ಹೋದರು.